ಕ್ಯಾಥೊಲಿಕ್ ರಾಜ ಯಾಕೆ ಬೇಡ? ಇಂಗ್ಲೆಂಡಿನ ಸಿಂಹಾಸನಕ್ಕೆ ನಡೆದ ನೂರೈವತ್ತು ವರ್ಷದ ಜಗಳ

ಬ್ರಿಟನ್ನಿನ ರಾಜಮನೆತನದ ಹುಡುಗ ಹಿಂದೂ ಹುಡುಗಿಯನ್ನು ಮದುವೆಯಾಗಬಹುದಿತ್ತು. ಮುಸ್ಲಿಮ್, ಯಹೂದಿ, ಬೌದ್ಧ ಹುಡುಗಿಯನ್ನೂ ಆಗಬಹುದಿತ್ತು. ದೇವರೇ ಇಲ್ಲ ಅನ್ನುವವಳನ್ನು ಕಟ್ಟಿಕೊಂಡರೂ ಕಾನೂನಿನ ತಕರಾರಿರಲಿಲ್ಲ. ಆದರೆ ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾದರೆ ಮಾತ್ರ ಸಿಂಹಾಸನದ ಸರದಿಯಿಂದ ಅವನ ಹೆಸರು ಹಾರಿಹೋಗುತ್ತಿತ್ತು. ಇದು ಅಜ್ಜನ ಕಾಲದ ಮಾತಲ್ಲ. ಎರಡನೇ ಎಲಿಜಬೆತ್ ರಾಣಿಯ ಚಿಕ್ಕಪ್ಪನ ಮಗ ಪ್ರಿನ್ಸ್ ಮೈಕೆಲ್ ಆಫ್ ಕೆಂಟ್ 1978ರಲ್ಲಿ ಕ್ಯಾಥೊಲಿಕ್ ಮಹಿಳೆಯನ್ನು ಮದುವೆಯಾಗಿ ಹೀಗೇ ಸರದಿಯಿಂದ ಹೊರಬಿದ್ದರು. ಮತ್ತೆ ಒಳಗೆ ಬಂದದ್ದು 2015ರ ಮಾರ್ಚ್‌ನಲ್ಲಿ, ಕಾನೂನು ಬದಲಾದ ಮೇಲೆ. ಅದೂ ಅರ್ಧ ಬದಲಾವಣೆ ಅಷ್ಟೇ. ಗಂಡನೋ ಹೆಂಡತಿಯೋ ಕ್ಯಾಥೊಲಿಕ್ ಆಗಿದ್ದರೆ ಈಗ ಪರವಾಗಿಲ್ಲ. ಸಿಂಹಾಸನದ ಮೇಲೆ ಕೂರುವವರು ಮಾತ್ರ ಇವತ್ತಿಗೂ ಕ್ಯಾಥೊಲಿಕ್ ಆಗಿರುವಂತಿಲ್ಲ.

ಇಬ್ಬರೂ ಕ್ರೈಸ್ತರೇ, ಬೈಬಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಈ ಪಾಟಿ ಸಿಟ್ಟು ಯಾಕೆ? ಇದಕ್ಕೆ ಉತ್ತರ ಬೇಕಾದರೆ ದೇವರ ವಿಚಾರಕ್ಕಿಂತ ಜಾಸ್ತಿ ಅಧಿಕಾರ, ಆಸ್ತಿ ಮತ್ತು ಮಕ್ಕಳ ವಿಚಾರ ನೋಡಬೇಕು. ಯಥಾ ರಾಜಾ ತಥಾ ಪ್ರಜಾ ಅನ್ನುತ್ತೇವಲ್ಲ, 1530ರ ದಶಕದ ಇಂಗ್ಲೆಂಡ್ ಹಾಗೇ ಇತ್ತು. ರಾಜ ಯಾವ ದಾರಿ ಹಿಡಿದನೋ ಊರೆಲ್ಲ ಅದೇ ದಾರಿ ಹಿಡಿಯಬೇಕು. 1689ರ ಹೊತ್ತಿಗೆ ಇದು ಪೂರಾ ತಿರುಗಿಬಿದ್ದಿತ್ತು. ದೇಶದ ಪಂಗಡ ಯಾವುದೋ ರಾಜನೂ ಅದಕ್ಕೇ ಸೇರಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅದು ಹೇಗೆ ತಿರುಗಿತು ಅನ್ನುವುದೇ ಈ ಕಥೆ.

ಮೊದಲು ಎರಡು ಪಂಗಡಗಳ ವ್ಯತ್ಯಾಸವನ್ನು ಚುಟುಕಾಗಿ ನೋಡೋಣ. ಕ್ಯಾಥೊಲಿಕ್ಕರಿಗೆ ರೋಮಿನ ಪೋಪ್ ಇಡೀ ಸಭೆಯ, ಅಂದರೆ ಚರ್ಚಿನ, ಮುಖ್ಯಸ್ಥರು. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಪಾದ್ರಿ ಎತ್ತಿ ಹಿಡಿಯುವ ರೊಟ್ಟಿ ನಿಜವಾಗಿಯೂ ಕ್ರಿಸ್ತನ ದೇಹವೇ ಆಗುತ್ತದೆ ಅನ್ನುವುದು ಅವರ ನಂಬಿಕೆ. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ತಕರಾರು ಎತ್ತಿದ ಮೇಲೆ ಬೇರೆಯಾಗಿ ಹೋದವರು ಪ್ರೊಟೆಸ್ಟೆಂಟರು. ಪೋಪ್ ಮಾತಿಗಿಂತ ಬೈಬಲ್ ದೊಡ್ಡದು, ಅದು ಜನ ಆಡುವ ಭಾಷೆಯಲ್ಲೇ ಇರಬೇಕು, ಪಾದ್ರಿ ಮದುವೆಯಾದರೆ ತಪ್ಪಿಲ್ಲ ಅಂದರು. ರೊಟ್ಟಿಯ ವಿಚಾರದಲ್ಲಿ ಅವರವರಲ್ಲೇ ಜಗಳ, ಆ ಮಾತು ಸದ್ಯಕ್ಕೆ ಬೇಡ.

ರಾಜರಿಗೆ ಇದರಲ್ಲಿ ಮುಖ್ಯವಾಗಿದ್ದು ಒಂದೇ. ಪೋಪ್ ಮನಸ್ಸು ಮಾಡಿದರೆ ರಾಜನನ್ನು ಸಭೆಯಿಂದ ಬಹಿಷ್ಕರಿಸಬಹುದಿತ್ತು. ಇನ್ನು ಇವನ ಮಾತು ನೀವು ಕೇಳಬೇಕಿಲ್ಲ ಅಂತ ಪ್ರಜೆಗಳಿಗೆ ಅಪ್ಪಣೆ ಕೊಡಬಹುದಿತ್ತು. ಯಾವ ಮದುವೆ ಊರ್ಜಿತ, ಯಾವುದು ಅಲ್ಲ ಅನ್ನುವ ತೀರ್ಮಾನವೂ ಅವರ ಕೈಲೇ ಇತ್ತು. ಪಟ್ಟ ಅಪ್ಪನಿಂದ ಮಗನಿಗೆ ಬರುವ ದೇಶದಲ್ಲಿ ಈ ಕೊನೆಯ ಅಧಿಕಾರ ಸಣ್ಣದೇನಲ್ಲ. ಮದುವೆ ಊರ್ಜಿತವಲ್ಲ ಅಂದರೆ ಮಗುವಿಗೆ ಪಟ್ಟವೂ ಇಲ್ಲ.

ಗಂಡು ಮಗುವಿಗಾಗಿ ಪೋಪ್ ಜೊತೆ ಜಗಳ

ಎಂಟನೇ ಹೆನ್ರಿ ಶುರುವಿನಲ್ಲಿ ರೋಮಿನ ಕಟ್ಟಾ ಭಕ್ತ. 1521ರಲ್ಲಿ ಲೂಥರ್ ವಿರುದ್ಧ ಒಂದು ಪುಸ್ತಕವನ್ನೇ ಬರೆದ. ಖುಷಿಯಾದ ಪೋಪ್ ಹತ್ತನೇ ಲಿಯೊ ಅವನಿಗೆ 'ಧರ್ಮರಕ್ಷಕ' ಅಂತ ಬಿರುದು ಕೊಟ್ಟರು. ಮುಂದೆ ಪೋಪ್ ಸಂಬಂಧವನ್ನೇ ಕಡಿದುಕೊಂಡ ಮೇಲೂ ಹೆನ್ರಿ ಆ ಬಿರುದನ್ನು ಮಾತ್ರ ಬಿಡಲಿಲ್ಲ. ಇವತ್ತಿನ ಬ್ರಿಟಿಷ್ ನಾಣ್ಯಗಳಲ್ಲೂ ರಾಜನ ತಲೆಯ ಸುತ್ತ ಎಫ್.ಡಿ. ಅನ್ನುವ ಎರಡಕ್ಷರ ಇದೆ. ಬ್ಯಾಂಕಿನ ಎಫ್.ಡಿ. ಅಲ್ಲ, ಲ್ಯಾಟಿನ್ನಿನಲ್ಲಿ ಅದೇ ಬಿರುದು. ಕ್ಯಾಥೊಲಿಕ್ಕನಾಗಬಾರದು ಅಂತ ಕಾನೂನಿರುವ ರಾಜನ ನಾಣ್ಯದ ಮೇಲೆ ಪೋಪ್ ಕೊಟ್ಟ ಬಿರುದು!

ಹೆನ್ರಿಯ ಮೊದಲ ಹೆಂಡತಿ ಸ್ಪೇನಿನ ರಾಜಕುಮಾರಿ ಕ್ಯಾಥರಿನ್. ಆಕೆ ಮೊದಲು ಅವನ ಅಣ್ಣ ಆರ್ಥರ್‌ನ ಹೆಂಡತಿ. ಆರ್ಥರ್ 1502ರಲ್ಲಿ ಸತ್ತ ಮೇಲೆ ಪೋಪ್ ವಿಶೇಷ ಅನುಮತಿ ಕೊಟ್ಟಿದ್ದರಿಂದ ಹೆನ್ರಿ ಅತ್ತಿಗೆಯನ್ನು ಮದುವೆಯಾಗಿದ್ದ. ಹುಟ್ಟಿದ ಮಕ್ಕಳಲ್ಲಿ ಉಳಿದಿದ್ದು ಒಬ್ಬಳೇ, 1516ರಲ್ಲಿ ಹುಟ್ಟಿದ ಮೇರಿ. ಹೆನ್ರಿಯ ಅಪ್ಪ ದಾಯಾದಿ ಯುದ್ಧದಲ್ಲಿ ಗೆದ್ದು ಸಿಂಹಾಸನ ಹಿಡಿದದ್ದು 1485ರಲ್ಲಿ. ಗಂಡು ವಾರಸುದಾರ ಇಲ್ಲದಿದ್ದರೆ ಮತ್ತೆ ಹೊಡೆದಾಟ ಆಗುತ್ತದೆ ಅನ್ನುವ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಣ್ಣನ ಹೆಂಡತಿಯನ್ನು ಕಟ್ಟಿಕೊಂಡವನಿಗೆ ಸಂತಾನವಿಲ್ಲ ಅನ್ನುವ ಬೈಬಲ್ ಮಾತು ಹಿಡಿದುಕೊಂಡು, ಈ ಮದುವೆಯೇ ಊರ್ಜಿತವಲ್ಲ ಅಂತ ಹೇಳಿ ಅಂತ ಪೋಪ್ ಏಳನೇ ಕ್ಲೆಮೆಂಟ್‌ಗೆ ಅರ್ಜಿ ಹಾಕಿದ. ಅಷ್ಟು ಹೊತ್ತಿಗೆ ಅರಮನೆಯ ತರುಣಿ ಆನ್ ಬೊಲಿನ್ ಮೇಲೆ ಮನಸ್ಸೂ ಆಗಿತ್ತು.

ಬೇರೆ ಸಮಯವಾಗಿದ್ದರೆ ಪೋಪ್ ಹೂಂ ಅಂದುಬಿಡುತ್ತಿದ್ದರೇನೋ, ರಾಜರಿಗೆ ಇಂಥ ರಿಯಾಯಿತಿ ಸಿಗುತ್ತಿತ್ತು. ಆದರೆ 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ರೋಮನ್ನೇ ಲೂಟಿ ಮಾಡಿದ್ದರು. ಪೋಪ್ ಅವನ ಹಿಡಿತದಲ್ಲಿದ್ದರು. ಆ ಚಾರ್ಲ್ಸ್ ಯಾರು ಅಂದರೆ ಕ್ಯಾಥರಿನ್‌ಳ ಅಕ್ಕನ ಮಗ. ಚಿಕ್ಕಮ್ಮನನ್ನು ಬೀದಿಗೆ ತಳ್ಳಲು ಅವನು ಬಿಡುತ್ತಾನಾ?

ಆರು ವರ್ಷ ಕಾದ ಹೆನ್ರಿ ಕೊನೆಗೆ ಬೇರೆ ದಾರಿ ಹಿಡಿದ. 1533ರ ಶುರುವಿನಲ್ಲಿ ಆನ್‌ಳನ್ನು ಮದುವೆಯಾದ. ತಾನೇ ನೇಮಿಸಿದ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಕೈಲಿ ಹಳೇ ಮದುವೆ ರದ್ದು ಮಾಡಿಸಿದ. 1534ರಲ್ಲಿ ಪಾರ್ಲಿಮೆಂಟಿನಿಂದ ಕಾನೂನು ಮಾಡಿಸಿ ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥ ಅಂದ. ಇಷ್ಟೆಲ್ಲ ಮಾಡಿದರೂ 1533ರಲ್ಲಿ ಆನ್‌ಗೆ ಹುಟ್ಟಿದ್ದೂ ಹೆಣ್ಣೇ. ಹೆಸರು ಎಲಿಜಬೆತ್.

ಹಾಗಾದರೆ ಹೆನ್ರಿ ಪ್ರೊಟೆಸ್ಟೆಂಟ್ ಆದನಾ? ಇಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಅವನಿಗೆ ಬೇಕಾಗಿದ್ದು ಪೋಪ್ ಇಲ್ಲದ ಕ್ಯಾಥೊಲಿಕ್ ಧರ್ಮ. 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್ ಬಯಲಿನಲ್ಲಿ ನಡೆದದ್ದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅವತ್ತು ಆರು ಪಾದ್ರಿಗಳಿಗೆ ಮರಣದಂಡನೆ. ಮೂವರು ಕ್ಯಾಥೊಲಿಕ್, ಮೂವರು ಪ್ರೊಟೆಸ್ಟೆಂಟ್. ಹೆಣೆದ ತಡಿಕೆಯ ಮೇಲೆ ಕಟ್ಟಿ, ಕುದುರೆಗಳಿಂದ ಬೀದಿಯಲ್ಲಿ ಎಳೆಸಿಕೊಂಡು ಬಂದರು. ಒಂದೊಂದು ತಡಿಕೆಗೆ ಒಬ್ಬ ಕ್ಯಾಥೊಲಿಕ್, ಒಬ್ಬ ಪ್ರೊಟೆಸ್ಟೆಂಟ್, ಅಕ್ಕಪಕ್ಕ. ಪ್ರೊಟೆಸ್ಟೆಂಟರನ್ನು ತಪ್ಪು ಬೋಧನೆಗಾಗಿ ಸುಟ್ಟರು. ಕ್ಯಾಥೊಲಿಕ್ಕರನ್ನು ನೇಣಿಗೆ ಹಾಕಿ, ಹೊಟ್ಟೆ ಸೀಳಿ, ತುಂಡು ಮಾಡಿದರು. ಅವರ ತಪ್ಪು ರಾಜದ್ರೋಹ, ಅಂದರೆ ರಾಜ ಚರ್ಚಿನ ಮುಖ್ಯಸ್ಥ ಅಂತ ಒಪ್ಪದಿದ್ದದ್ದು. ಎರಡು ಶಿಕ್ಷೆಗಳ ವ್ಯತ್ಯಾಸವನ್ನು ಗಮನಿಸಿ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಆಗಿರುವುದು ದೇವರ ವಿಚಾರದ ತಪ್ಪಲ್ಲ, ದೇಶದ್ರೋಹ ಅನ್ನುವ ಯೋಚನೆ ಇಲ್ಲಿಂದಲೇ ಬೇರು ಬಿಟ್ಟಿತು.

ಈ ನಡುವೆ ಹೆನ್ರಿ ಇನ್ನೊಂದು ಕೆಲಸ ಮಾಡಿದ್ದ. ಅದು ಮುಂದಿನ ಎಲ್ಲ ಧರ್ಮಚರ್ಚೆಗಿಂತ ಗಟ್ಟಿಯಾಗಿ ನಿಂತಿತು ಅಂತ ನನಗನ್ನಿಸುತ್ತದೆ. 1536ರಿಂದ 1540ರ ಒಳಗೆ ದೇಶದ ಸುಮಾರು 800 ಸನ್ಯಾಸಿ ಮಠಗಳನ್ನು ಮುಚ್ಚಿಸಿದ. ಅವುಗಳ ಜಮೀನನ್ನು ಖಜಾನೆಗೆ ಸೇರಿಸಿಕೊಂಡ. ಆಮೇಲೆ ಯುದ್ಧದ ಖರ್ಚಿಗೆ ಅಂತ ಅದನ್ನೇ ಊರೂರಿನ ಜಮೀನ್ದಾರರಿಗೂ ಆಸ್ಥಾನದ ಮಂದಿಗೂ ಮಾರಿದ. ಕೊಂಡವರಲ್ಲಿ ಕ್ಯಾಥೊಲಿಕ್ ಮನಸ್ಸಿನವರೂ ಬೇಕಾದಷ್ಟಿದ್ದರು. ಪೋಪ್ ವಾಪಸ್ ಬಂದರೆ ಜಮೀನೂ ವಾಪಸ್ ಹೋಗುತ್ತದಾ ಅನ್ನುವ ಪ್ರಶ್ನೆ ಮುಂದೆ ಹಲವು ತಲೆಮಾರು ಇಂಗ್ಲಿಷ್ ಜಮೀನ್ದಾರರ ನಿದ್ದೆ ಕೆಡಿಸಿತು.

ಹನ್ನೊಂದು ವರ್ಷದಲ್ಲಿ ಎರಡು ಪಲ್ಟಿ

1547ರಲ್ಲಿ ಹೆನ್ರಿ ಸತ್ತಾಗ ಪಟ್ಟ ಸಿಕ್ಕಿದ್ದು ಮೂರನೇ ಹೆಂಡತಿಯ ಮಗ ಎಡ್ವರ್ಡ್‌ಗೆ. ವಯಸ್ಸು ಒಂಬತ್ತು. ಸುತ್ತ ಇದ್ದವರೂ, ಸ್ವತಃ ಹುಡುಗನೂ ಅಪ್ಪಟ ಪ್ರೊಟೆಸ್ಟೆಂಟರು. ಲ್ಯಾಟಿನ್ ಬಲಿಪೂಜೆ ಹೋಗಿ 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂತು. ಚರ್ಚುಗಳ ಗೋಡೆಚಿತ್ರಗಳಿಗೆ ಸುಣ್ಣ ಬಳಿದರು. ಡೆವನ್, ಕಾರ್ನ್‌ವಾಲ್ ಕಡೆಯ ಜನ ನಮಗೆ ಹಳೇ ಪೂಜೆಯೇ ಬೇಕು ಅಂತ ದಂಗೆ ಎದ್ದರು, ಸಾವಿರಾರು ಜನ ಸತ್ತರು.

1553ರಲ್ಲಿ ಎಡ್ವರ್ಡ್ ಹಾಸಿಗೆ ಹಿಡಿದ. ಮುಂದಿನ ಸರದಿ ಕ್ಯಾಥೊಲಿಕ್ ಅಕ್ಕ ಮೇರಿಯದು. ಅದನ್ನು ತಪ್ಪಿಸಲು ಹದಿನೈದು ವರ್ಷದ ಹುಡುಗ ತನ್ನ ಕೈಯಾರೆ ಬರೆದ ವಾರಸಿಕೆಯ ಕಾಗದ ಇವತ್ತಿಗೂ ಉಳಿದಿದೆ. ಮೊದಲು ಅದರಲ್ಲಿ ಅವನು, ಸಂಬಂಧಿ ಲೇಡಿ ಜೇನ್‌ಗೆ ಮುಂದೆ ಹುಟ್ಟುವ ಗಂಡು ಮಕ್ಕಳಿಗೆ ಪಟ್ಟ ಅಂತ ಬರೆದಿದ್ದ. ಆದರೆ ಮಗು ಹುಟ್ಟುವವರೆಗೆ ತಾನು ಬದುಕುವುದಿಲ್ಲ ಅಂತ ಗೊತ್ತಾಯಿತು. ಆಗ ಜೇನ್‌ಳ ಹೆಸರಿನ ಮುಂದೆ, ಸಾಲಿನ ಮೇಲೆ ಎರಡು ಪದ ಸೇರಿಸಿದ. ಅರ್ಥ ಹೀಗಾಯಿತು: ಜೇನ್‌ಗೆ, ಮತ್ತು ಅವಳ ಗಂಡು ಮಕ್ಕಳಿಗೆ. ಎರಡು ಪದದಲ್ಲಿ ರಾಣಿಯನ್ನು ತಯಾರು ಮಾಡಿದ್ದ.

ಆ ರಾಣಿ ಬಾಳಿದ್ದು ಒಂಬತ್ತೇ ದಿನ. ಮೇರಿ ಪೂರ್ವದ ಸಫಕ್ ಸೀಮೆಯಲ್ಲಿ ನಿಂತು ಜನರನ್ನು ಕರೆದಳು. ಜನ ಹರಿದು ಬಂದರು. ಬಂದವರಲ್ಲಿ ಪ್ರೊಟೆಸ್ಟೆಂಟರೂ ಇದ್ದರು. ಪಟ್ಟ ನ್ಯಾಯವಾಗಿ ದೊಡ್ಡ ಮಗಳದ್ದು, ಅವಳ ಧರ್ಮ ಏನಾದರೂ ಇರಲಿ ಅನ್ನುವುದು ಅವರ ಲೆಕ್ಕ. ಅಂದರೆ 1553ರಲ್ಲಿ ಧರ್ಮಕ್ಕಿಂತ ರಕ್ತಸಂಬಂಧ ಮೇಲು. ಇದನ್ನು ನೆನಪಿಟ್ಟುಕೊಳ್ಳಿ. 1688ರಲ್ಲಿ ಇದೇ ಪ್ರಶ್ನೆಗೆ ಇದೇ ದೇಶ ಉಲ್ಟಾ ಉತ್ತರ ಕೊಡುತ್ತದೆ.

ಮೇರಿ ದೇಶವನ್ನು ಮತ್ತೆ ರೋಮಿಗೆ ಸೇರಿಸಿದಳು. ಪಾರ್ಲಿಮೆಂಟು ಒಪ್ಪಿತು, ಆದರೆ ಒಂದು ಷರತ್ತಿನ ಮೇಲೆ. ಮಠದ ಜಮೀನು ಕೊಂಡವರ ಹತ್ತಿರವೇ ಉಳಿಯಬೇಕು. ಪೋಪ್ ಕಡೆಯವರಿಗೆ ಬೇರೆ ದಾರಿ ಇರಲಿಲ್ಲ, ಒಪ್ಪಿದರು. ಆತ್ಮ ರೋಮಿಗೆ, ಜಮೀನು ನಮಗೇ ಅಂದ ಹಾಗೆ!

ಅವಳ ಕೈಯಲ್ಲಿ ಕೆಟ್ಟ ಕೆಲಸ ಎರಡು. ಸ್ಪೇನಿನ ಫಿಲಿಪ್‌ನನ್ನು ಮದುವೆಯಾಗಿ, ಕ್ಯಾಥೊಲಿಕ್ ಅಂದರೆ ಪರದೇಶದವರು ಅನ್ನುವ ಅನುಮಾನಕ್ಕೆ ಜಾಗ ಕೊಟ್ಟಳು. 1555ರಿಂದ ನಾಲ್ಕು ವರ್ಷದೊಳಗೆ ಸುಮಾರು 280 ಪ್ರೊಟೆಸ್ಟೆಂಟರನ್ನು ಸುಡಿಸಿದಳು. ಅವರಲ್ಲಿ ಹೆಚ್ಚಿನವರು ನೇಕಾರರು, ಕೂಲಿಗಳು, ಸಾಧಾರಣ ಹೆಂಗಸರು. ಆರ್ಚ್‌ಬಿಷಪ್ ಕ್ರಾನ್ಮರ್ ಮೊದಲು ಹೆದರಿ, ನಾನು ಹೇಳಿದ್ದೆಲ್ಲ ತಪ್ಪು ಅಂತ ಕಾಗದಕ್ಕೆ ಸಹಿ ಹಾಕಿದ್ದ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಸುಡಲು ಕರೆದೊಯ್ಯುವ ಮೊದಲು ಚರ್ಚಿನಲ್ಲಿ ಎಲ್ಲರೆದುರು ಅದನ್ನು ವಾಪಸ್ ತೆಗೆದುಕೊಂಡ. ಸಹಿ ಹಾಕಿದ ಬಲಗೈಯನ್ನು ತಾನಾಗಿಯೇ ಮೊದಲು ಬೆಂಕಿಗೆ ಹಿಡಿದ. ಇಂಥ ಸಾವುಗಳ ಕಥೆಯನ್ನೆಲ್ಲ ಸೇರಿಸಿದ ದಪ್ಪ ಪುಸ್ತಕವೊಂದು 1563ರಲ್ಲಿ ಚಿತ್ರಗಳ ಸಮೇತ ಅಚ್ಚಾಯಿತು. 'ಬ್ಲಡಿ ಮೇರಿ' ಅನ್ನುವ ಹೆಸರು ಇವತ್ತಿಗೂ ಹೋಗಿಲ್ಲ. ಮುಂದೆ ಎಲಿಜಬೆತ್ ಕಾಲದಲ್ಲಿ ಇನ್ನೂರರ ಹತ್ತಿರ ಕ್ಯಾಥೊಲಿಕ್ಕರನ್ನು ಕೊಂದರಲ್ಲ, ಅವಳಿಗೆ ಅಂಥ ಅಡ್ಡಹೆಸರು ಅಂಟಲಿಲ್ಲ. ಗೆದ್ದವರ ಕಥೆಯೇ ಹಾಗೆ.

ಹಾವು ಸಾಯಬಾರದು, ಕೋಲು ಮುರಿಯಬಾರದು

ಮೇರಿಗೆ ಮಕ್ಕಳಾಗಲಿಲ್ಲ. 1558ರಲ್ಲಿ ಎಲಿಜಬೆತ್ ರಾಣಿಯಾದಳು. ಅವಳ ಅಮ್ಮನ ಮದುವೆಯನ್ನು ರೋಮ್ ಒಪ್ಪಿರಲಿಲ್ಲವಾದ್ದರಿಂದ ಅವಳು ಪ್ರೊಟೆಸ್ಟೆಂಟ್ ಕಡೆ ಇರಲೇಬೇಕಿತ್ತು. ಆದರೆ ತಮ್ಮನಷ್ಟು ಬಿಗಿಯಲ್ಲ. ಚರ್ಚಿನ 'ಮುಖ್ಯಸ್ಥೆ' ಅಂತ ಕರೆಸಿಕೊಳ್ಳದೆ 'ಮೇಲಾಡಳಿತಗಾರ್ತಿ' ಅನ್ನುವ ಹೆಸರಿಗೆ ಇಳಿದಳು. ಪ್ರಾರ್ಥನಾ ಪುಸ್ತಕದಲ್ಲಿ ರೊಟ್ಟಿ ಕೊಡುವಾಗ ಪಾದ್ರಿ ಹೇಳುವ ಮಾತು 1549ರಲ್ಲಿ ಒಂದಿತ್ತು, ಇದು ಕ್ರಿಸ್ತನ ದೇಹ ಅನ್ನುವ ಧಾಟಿಯಲ್ಲಿ. 1552ರಲ್ಲಿ ಅದನ್ನು ತೆಗೆದು, ಅವನ ನೆನಪಿಗಾಗಿ ಇದನ್ನು ತಿನ್ನು ಅನ್ನುವ ಮಾತು ಹಾಕಿದ್ದರು. 1559ರ ಪುಸ್ತಕದಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿಬಿಟ್ಟರು. ಯಾರಿಗೆ ಯಾವುದು ಬೇಕೋ ಅದನ್ನು ಕೇಳಿಸಿಕೊಳ್ಳಲಿ ಅಂತ. ಭಾನುವಾರ ಚರ್ಚಿಗೆ ಬರದಿದ್ದರೆ 12 ಪೆನ್ಸ್ ದಂಡ. ಬಂದು ಸುಮ್ಮನೆ ಕೂತರೆ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೆದಕುತ್ತಿರಲಿಲ್ಲ.

ಇದನ್ನು ಕೆಡಿಸಿದ್ದು ರೋಮ್. 1570ರಲ್ಲಿ ಪೋಪ್ ಐದನೇ ಪಯಸ್ ಎಲಿಜಬೆತ್‌ಳನ್ನು ಬಹಿಷ್ಕರಿಸಿದರು. ಅವಳು ರಾಣಿಯೇ ಅಲ್ಲ, ಅವಳ ಮಾತು ಕೇಳುವವರಿಗೂ ಬಹಿಷ್ಕಾರ ಅಂತ ಫರ್ಮಾನು ಹೊರಡಿಸಿದರು. ಇಂಗ್ಲೆಂಡಿನ ಪಾಪದ ಕ್ಯಾಥೊಲಿಕ್ಕರಿಗೆ ಅತ್ತ ದರಿ, ಇತ್ತ ಪುಲಿ. ರಾಣಿಗೆ ನಿಯತ್ತಾಗಿದ್ದರೆ ಧರ್ಮ ಕೆಡುತ್ತದೆ, ಪೋಪ್ ಮಾತು ಕೇಳಿದರೆ ತಲೆ ಹೋಗುತ್ತದೆ. ಸರ್ಕಾರವೂ ಬಿಗಿ ಮಾಡಿತು. 1581ರಲ್ಲಿ ಚರ್ಚಿಗೆ ಬರದವರ ದಂಡ ತಿಂಗಳಿಗೆ 20 ಪೌಂಡಿಗೆ ಏರಿತು, ಅನುಕೂಲಸ್ಥರೂ ಮುಳುಗುವಷ್ಟು. 1585ರಿಂದ ಪರದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿಗೆ ಕಾಲಿಟ್ಟರೆ ಅದೇ ರಾಜದ್ರೋಹ. ಕ್ಯಾಥೊಲಿಕ್ ಮನೆಗಳಲ್ಲಿ ಮೆಟ್ಟಿಲ ಕೆಳಗೆ, ಗೋಡೆಯ ಒಳಗೆ ಪಾದ್ರಿ ಅಡಗಿಕೊಳ್ಳಲು ಗೂಡುಗಳನ್ನು ಕಟ್ಟಿಸಿದರು. ನಿಕೊಲಸ್ ಓವನ್ ಅನ್ನುವ ಬಡಗಿ ಇದರಲ್ಲಿ ನಿಸ್ಸೀಮ. ಅವನು ಮಾಡಿದ ಗೂಡುಗಳು ಈಗಲೂ ಕೆಲವು ಹಳೇ ಮನೆಗಳಲ್ಲಿವೆ.

ಈ ವಾತಾವರಣದಲ್ಲಿ ಊರು ಬಿಟ್ಟು ಹೋದ ಕ್ಯಾಥೊಲಿಕ್ ಹುಡುಗರಲ್ಲಿ ಒಬ್ಬ ನಮ್ಮ ಕಡೆಗೂ ಬಂದ. ಥಾಮಸ್ ಸ್ಟೀಫನ್ಸ್ ಅಂತ ಹೆಸರು. ರೋಮಿನಲ್ಲಿ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘ ಸೇರಿ 1579ರಲ್ಲಿ ಗೋವಾ ಮುಟ್ಟಿದ. ಕೊಂಕಣಿ ಕಲಿತು ಆ ಭಾಷೆಗೆ ವ್ಯಾಕರಣ ಬರೆದ, ಮರಾಠಿ ಓವಿಗಳಲ್ಲಿ ಕ್ರಿಸ್ತನ ಕಥೆ ಹಾಡಿದ. ಭಾರತದಲ್ಲಿ ನೆಲೆ ನಿಂತ ಮೊದಲ ಇಂಗ್ಲಿಷಿನವರಲ್ಲಿ ಒಬ್ಬನಾದ ಈತ ಬಂದದ್ದು ವ್ಯಾಪಾರಕ್ಕಲ್ಲ ಅನ್ನುವುದು ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ.

ಎಲಿಜಬೆತ್‌ಗೆ ದೊಡ್ಡ ತಲೆನೋವು ಇನ್ನೊಬ್ಬಳು ಮೇರಿ, ಸ್ಕಾಟ್ಲೆಂಡಿನ ರಾಣಿ. ಹೆನ್ರಿಯ ಅಕ್ಕನ ಮೊಮ್ಮಗಳು, ಕ್ಯಾಥೊಲಿಕ್. ಎಲಿಜಬೆತ್ ಹುಟ್ಟೇ ಸರಿಯಲ್ಲ ಅನ್ನುವವರಿಗೆ ಇಂಗ್ಲೆಂಡಿನ ನಿಜವಾದ ರಾಣಿ ಇವಳೇ. ಸ್ವಂತ ದೇಶದಿಂದ ಓಡಿಬಂದು 1568ರಿಂದ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದಳು. 1586ರಲ್ಲಿ ಆಂತನಿ ಬ್ಯಾಬಿಂಗ್ಟನ್ ಅನ್ನುವ ತರುಣ ಎಲಿಜಬೆತ್‌ಳನ್ನು ಕೊಂದು ಇವಳನ್ನು ಕೂರಿಸುವ ಸಂಚು ಹೂಡಿದ. ಬಿಯರ್ ಪೀಪಾಯಿಯೊಳಗೆ ಗುಪ್ತಲಿಪಿಯ ಪತ್ರಗಳು ಹೋಗಿ ಬರುತ್ತಿದ್ದವು. ಆ ಪೀಪಾಯಿ ಅಂಚೆಯನ್ನು ಹೂಡಿದ್ದೇ ಎಲಿಜಬೆತ್‌ಳ ಬೇಹುಗಾರಿಕೆಯ ಯಜಮಾನ ವಾಲ್ಸಿಂಗಮ್ ಅಂತ ಮೇರಿಗೆ ತಿಳಿದಿರಲಿಲ್ಲ. ಸಂಚಿಗೆ ಅವಳು ಒಪ್ಪಿದ ಪತ್ರ ಕೈಗೆ ಸಿಕ್ಕಾಗ ಗುಪ್ತಲಿಪಿ ಬಿಡಿಸುವ ಥಾಮಸ್ ಫೆಲಿಪ್ಸ್ ಅದರ ಮೇಲೆ ನೇಣುಗಂಬದ ಚಿತ್ರ ಬಿಡಿಸಿ ಕಳಿಸಿದ. ಅಷ್ಟು ಸಾಲದು ಅಂತ, ಸಂಚಿನಲ್ಲಿರುವ ಉಳಿದವರ ಹೆಸರನ್ನೂ ತಿಳಿಸಿ ಅಂತ ಮೇರಿಯ ಹೆಸರಿನಲ್ಲಿ ತಾನೇ ಕೆಳಗೆ ಎರಡು ಸಾಲು ಸೇರಿಸಿದ. 1587ರ ಫೆಬ್ರುವರಿ 8ರಂದು ಮೇರಿಯ ತಲೆ ಕಡಿದರು. ಮರುವರ್ಷ ಸ್ಪೇನಿನ ಫಿಲಿಪ್ 130 ಹಡಗುಗಳ ದಂಡು ಕಳಿಸಿ ಸೋತ.

ಎಲಿಜಬೆತ್ ಮದುವೆಯಾಗಲಿಲ್ಲ. 1603ರಲ್ಲಿ ಪಟ್ಟ ಹೋದದ್ದು ಆ ಮೇರಿಯ ಮಗನಿಗೇ. ಪ್ರೊಟೆಸ್ಟೆಂಟ್ ಆಗಿ ಬೆಳೆದ ಒಂದನೇ ಜೇಮ್ಸ್. ತಮಗೆ ಉಸಿರಾಡಲು ಬಿಡುತ್ತಾನೆ ಅಂದುಕೊಂಡಿದ್ದ ಕ್ಯಾಥೊಲಿಕ್ಕರಿಗೆ ನಿರಾಸೆಯಾಯಿತು. ಅವರಲ್ಲಿ ಕೆಲವರು 1605ರಲ್ಲಿ ಪಾರ್ಲಿಮೆಂಟಿನ ಅಡಿಗೆ 36 ಪೀಪಾಯಿ ಕೋವಿಮದ್ದು ಇಟ್ಟು ರಾಜನನ್ನು ಸಭೆಯ ಸಮೇತ ಹಾರಿಸಲು ಹೊರಟರು. ಗೈ ಫಾಕ್ಸ್ ಹಿಂದಿನ ರಾತ್ರಿಯೇ ಸಿಕ್ಕಿಬಿದ್ದ. ಬೆರಳೆಣಿಕೆಯ ಜನ ಮಾಡಿದ ಸಂಚಿಗೆ ಇಡೀ ಸಮುದಾಯ ದಂಡ ತೆತ್ತಿತು. ನವೆಂಬರ್ 5ರ ಪಟಾಕಿ, ಬೆಂಕಿಗುಡ್ಡೆ ಇಂಗ್ಲೆಂಡಿನಲ್ಲಿ ಇನ್ನೂ ಇದೆ.

ಜೇಮ್ಸ್‌ನ ಮಗ ಒಂದನೇ ಚಾರ್ಲ್ಸ್ 1649ರಲ್ಲಿ ತಲೆ ಕಳೆದುಕೊಂಡದ್ದಕ್ಕೆ ತೆರಿಗೆ, ಪಾರ್ಲಿಮೆಂಟಿನ ಹಕ್ಕು ಅಂತ ಕಾರಣ ಹತ್ತಾರಿವೆ. ಅವನು ಕ್ಯಾಥೊಲಿಕ್ ಆಗಿರಲೇ ಇಲ್ಲ. ಹೆಂಡತಿ ಫ್ರಾನ್ಸಿನ ಕ್ಯಾಥೊಲಿಕ್, ಚರ್ಚಿನಲ್ಲಿ ಆಡಂಬರ ಜಾಸ್ತಿ ಮಾಡಿದ, ಇಷ್ಟೇ ಅನುಮಾನಕ್ಕೆ ಸಾಕಾಯಿತು.

ಬೊಂಬಾಯಿ ತಂದ ರಾಣಿ, ಬರದ ಮಗು

ಹನ್ನೊಂದು ವರ್ಷ ರಾಜನೇ ಇಲ್ಲದೆ ಕಳೆದು, 1660ರಲ್ಲಿ ಒಂದನೇ ಚಾರ್ಲ್ಸ್‌ನ ಮಗ ಎರಡನೇ ಚಾರ್ಲ್ಸ್ ವಾಪಸ್ ಬಂದ. ಅವನು ಮದುವೆಯಾದದ್ದು ಪೋರ್ಚುಗಲ್ಲಿನ ಕ್ಯಾಥೊಲಿಕ್ ರಾಜಕುಮಾರಿ ಬ್ರಗಾಂಜಾದ ಕ್ಯಾಥರಿನ್‌ಳನ್ನು. 1661ರ ಆ ಒಪ್ಪಂದದಲ್ಲಿ ವರದಕ್ಷಿಣೆಯಾಗಿ ಬಂದದ್ದೇ ನಮ್ಮ ಬೊಂಬಾಯಿ. ಅದನ್ನು ನೋಡಿಕೊಳ್ಳುವುದು ದುಬಾರಿ ಅಂತ ಚಾರ್ಲ್ಸ್ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಧಾರವಾಡ, ಬೆಳಗಾವಿ, ವಿಜಯಪುರದವರು ತಲೆಮಾರುಗಟ್ಟಲೆ ಬೊಂಬಾಯಿ ಸರ್ಕಾರದ ಕೆಳಗೆ ಇದ್ದದ್ದರ ಬೇರು ಹಿಡಿದು ಹೋದರೆ ಈ ಮದುವೆ ಸಿಗುತ್ತದೆ.

ಬೊಂಬಾಯಿ ಬಂತು, ಮಗು ಬರಲಿಲ್ಲ. ಚಾರ್ಲ್ಸ್‌ಗೆ ಹೊರಗಿನ ಸಂಬಂಧಗಳಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳಿದ್ದರು, ರಾಣಿಯಲ್ಲಿ ಒಂದೂ ಇಲ್ಲ. ಹಾಗಾಗಿ ವಾರಸುದಾರ ತಮ್ಮ ಜೇಮ್ಸ್. ಅವನೋ ಕ್ಯಾಥೊಲಿಕ್ ಆಗಿದ್ದ. 1673ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ತಂದಿತು. ಸರ್ಕಾರಿ ಹುದ್ದೆಯಲ್ಲಿರುವವರು ಬಲಿಪೂಜೆಯ ರೊಟ್ಟಿ ಕ್ರಿಸ್ತನ ದೇಹವಾಗುತ್ತದೆ ಅನ್ನುವುದನ್ನು ನಂಬುವುದಿಲ್ಲ ಅಂತ ಆಣೆ ಮಾಡಬೇಕು. ಜೇಮ್ಸ್ ಆಣೆ ಮಾಡದೆ ನೌಕಾಪಡೆಯ ಮುಖ್ಯಸ್ಥನ ಹುದ್ದೆ ಬಿಟ್ಟ. ಗುಟ್ಟು ಊರಿಗೆಲ್ಲ ರಟ್ಟಾಯಿತು.

1678ರಲ್ಲಿ ಟೈಟಸ್ ಓಟ್ಸ್ ಅನ್ನುವ ಮಹಾ ಸುಳ್ಳುಗಾರ, ಜೆಸ್ವಿಟರು ರಾಜನನ್ನು ಕೊಲ್ಲಲು ಹೊರಟಿದ್ದಾರೆ ಅಂತ ಕಥೆ ಕಟ್ಟಿದ. ಅವನ ಹೇಳಿಕೆ ತೆಗೆದುಕೊಂಡಿದ್ದ ಮ್ಯಾಜಿಸ್ಟ್ರೇಟ್ ಒಬ್ಬ ಹೆಣವಾಗಿ ಸಿಕ್ಕಿದ್ದೇ ತಡ, ಊರಿಗೆ ಊರೇ ನಂಬಿತು. ಹಲವು ನಿರಪರಾಧಿ ಪಾದ್ರಿಗಳು ನೇಣಿಗೇರಿದರು. ಓಟ್ಸ್ ರಾಣಿ ಕ್ಯಾಥರಿನ್ ಮೇಲೂ ಬೆರಳು ತೋರಿಸಿದ. ಈ ಗಲಾಟೆಯಲ್ಲೇ ಜೇಮ್ಸ್‌ನನ್ನು ವಾರಸಿಕೆಯಿಂದ ಕಿತ್ತುಹಾಕುವ ಮಸೂದೆ ಬಂತು. ಪರ ಇದ್ದವರಿಗೆ ವಿಗ್, ವಿರೋಧ ಇದ್ದವರಿಗೆ ಟೋರಿ ಅಂತ ಬೈಗುಳದ ಹೆಸರು ಬಿತ್ತು. ಇಂಗ್ಲೆಂಡಿನ ರಾಜಕೀಯ ಪಕ್ಷಗಳು ಹುಟ್ಟಿದ್ದೇ ಈ ಜಗಳದಲ್ಲಿ. ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿ ತಮ್ಮನನ್ನು ಉಳಿಸಿಕೊಂಡ. 1685ರಲ್ಲಿ ಸಾಯುವಾಗ ಹಿಂದಿನ ಮೆಟ್ಟಿಲಿನಿಂದ ಪಾದ್ರಿಯನ್ನು ಕರೆಸಿಕೊಂಡು ತಾನೂ ಕ್ಯಾಥೊಲಿಕ್ ಆದ.

ಎರಡನೇ ಜೇಮ್ಸ್ ಪಟ್ಟಕ್ಕೆ ಬಂದಾಗ ದೇಶ ಹಲ್ಲು ಕಚ್ಚಿ ಸುಮ್ಮನಿತ್ತು. ಅವನಿಗೆ ಐವತ್ತು ದಾಟಿತ್ತು, ಗಂಡು ಮಕ್ಕಳಿಲ್ಲ. ಮೊದಲ ಹೆಂಡತಿಯ ಹೆಣ್ಣು ಮಕ್ಕಳಾದ ಮೇರಿ, ಆನ್ ಇಬ್ಬರೂ ಪ್ರೊಟೆಸ್ಟೆಂಟ್. ಮೇರಿಯ ಗಂಡ ಹಾಲೆಂಡಿನ ವಿಲಿಯಮ್. ಮುದುಕ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವ ಲೆಕ್ಕ. ಜೇಮ್ಸ್ ಸೈನ್ಯದಲ್ಲಿ, ಕಾಲೇಜುಗಳಲ್ಲಿ ಕ್ಯಾಥೊಲಿಕ್ಕರನ್ನು ತುಂಬಿದಾಗಲೂ ತಡೆದುಕೊಂಡರು. ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಅಂತ ಅವನು ಆಜ್ಞೆ ಹೊರಡಿಸಿದ. ಇವತ್ತಿನ ಕಣ್ಣಿಗೆ ಅದು ಒಳ್ಳೆಯದೇ ಅಲ್ವಾ? ಆದರೆ ಪಾರ್ಲಿಮೆಂಟನ್ನು ಕೇಳದೆ ಕಾನೂನುಗಳನ್ನೇ ಬದಿಗಿಟ್ಟ. ಇವತ್ತು ಇದು, ನಾಳೆ ಏನು ಅಂತ ಜನ ಕೇಳಿದರು. ಪಕ್ಕದ ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿ 1685ರಲ್ಲಿ ಪ್ರೊಟೆಸ್ಟೆಂಟರ ಹಕ್ಕುಗಳನ್ನು ಕಿತ್ತುಕೊಂಡಿದ್ದ. ಅಲ್ಲಿಂದ ಓಡಿಬಂದವರು ಲಂಡನ್ನಿನ ಬೀದಿಗಳಲ್ಲೇ ಇದ್ದರು.

1688ರ ಜೂನ್ 10ರಂದು ಜೇಮ್ಸ್‌ನ ಎರಡನೇ ಹೆಂಡತಿ, ಇಟಲಿಯ ಮೊಡೆನಾದ ಮೇರಿ, ಗಂಡು ಮಗು ಹೆತ್ತಳು. ಒಂದು ಮಗುವಿನಿಂದ ಲೆಕ್ಕವೆಲ್ಲ ಬುಡಮೇಲಾಯಿತು. ಈಗ ಕ್ಯಾಥೊಲಿಕ್ ರಾಜನ ಹಿಂದೆ ಕ್ಯಾಥೊಲಿಕ್ ರಾಜ, ಮುಗಿಯದ ಸಾಲು. ನಂಬಲು ಮನಸ್ಸಿಲ್ಲದ ಜನ ಹೊಸ ಕಥೆ ಕಟ್ಟಿದರು. ರಾಣಿ ಬಸುರಿಯೇ ಆಗಿರಲಿಲ್ಲ, ಹಾಸಿಗೆ ಬಿಸಿ ಮಾಡಲು ಕೆಂಡ ಹಾಕಿಡುವ ಉದ್ದ ಹಿಡಿಯ ಪಾತ್ರೆಯಲ್ಲಿ ಯಾರದೋ ಮಗುವನ್ನು ಅಡಗಿಸಿ ಕೋಣೆಗೆ ತಂದರು ಅಂತ. ಆ ಪಾತ್ರೆ ಯಾವ ಬಾಗಿಲಿನಿಂದ ಯಾವ ಮೆಟ್ಟಿಲು ಹತ್ತಿ ಬಂತು ಅಂತ ಅರಮನೆಯ ನಕ್ಷೆಯನ್ನೂ ಅಚ್ಚು ಹಾಕಿಸಿ ಹಂಚಿದರು. ಹೆರಿಗೆ ಹೊತ್ತಿನಲ್ಲಿ ಕೋಣೆ ತುಂಬ ಜನವಿದ್ದರು! ಕೊನೆಗೆ ಅಕ್ಟೋಬರಿನಲ್ಲಿ ಜೇಮ್ಸ್ ನಲವತ್ತಕ್ಕೂ ಹೆಚ್ಚು ಸಾಕ್ಷಿಗಳನ್ನು ಕರೆಸಿ, ಮಗು ಹುಟ್ಟಿದ್ದನ್ನು ಕಣ್ಣಾರೆ ಕಂಡೆವು ಅಂತ ಹೇಳಿಸಬೇಕಾಯಿತು. ರಾಜನಾದವನು ತನ್ನ ಮಗ ತನ್ನವನೇ ಅಂತ ಸಾಕ್ಷಿ ಹಾಕಿಸುವ ಸ್ಥಿತಿ. ಆದರೂ ನಂಬದವರು ನಂಬಲಿಲ್ಲ.

ಏಳು ಜನ ದೊಡ್ಡ ಮನುಷ್ಯರು ಸೇರಿ ಗುಟ್ಟಾಗಿ ವಿಲಿಯಮ್‌ಗೆ ಪತ್ರ ಬರೆದರು, ಬನ್ನಿ ಅಂತ. ಅವನಿಗೂ ಫ್ರಾನ್ಸಿನ ವಿರುದ್ಧ ಇಂಗ್ಲೆಂಡಿನ ದುಡ್ಡು, ದಂಡು ಬೇಕಿತ್ತು. ನವೆಂಬರ್ 5ರಂದು ಸೈನ್ಯದ ಸಮೇತ ಟೋರ್‌ಬೇ ಕೊಲ್ಲಿಯಲ್ಲಿ ಇಳಿದ. ಜೇಮ್ಸ್‌ನ ಸೇನಾಪತಿಗಳು ಒಬ್ಬೊಬ್ಬರೇ ಆ ಕಡೆ ಹಾರಿದರು, ಕಿರಿಮಗಳು ಆನ್ ಕೂಡ. ಡಿಸೆಂಬರಿನ ಒಂದು ರಾತ್ರಿ ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದ. ಮುದ್ರೆ ಇಲ್ಲದೆ ಸರ್ಕಾರ ಹೇಗೆ ನಡೆಸುತ್ತಾರೆ ನೋಡೋಣ ಅಂತ. ಕೆಂಟ್ ತೀರದ ಮೀನುಗಾರರು ಯಾರೋ ಪಾದ್ರಿ ಅಂದುಕೊಂಡು ಹಿಡಿದು ಜೇಬು ತಡಕಿದರು. ವಾಪಸ್ ಕರೆತಂದಾಗ ವಿಲಿಯಮ್‌ಗೆ ಇಕ್ಕಟ್ಟಾಯಿತು. ಮಾವನನ್ನು ಕೊಲ್ಲುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಕಾವಲು ಸಡಿಲ ಬಿಟ್ಟ. ಈ ಸಲ ಜೇಮ್ಸ್ ಫ್ರಾನ್ಸ್ ಮುಟ್ಟಿದ.

ಕಾನೂನಾದ ಹೆದರಿಕೆ

1689ರಲ್ಲಿ ವಿಲಿಯಮ್, ಮೇರಿ ಇಬ್ಬರೂ ಸೇರಿ ಪಟ್ಟಕ್ಕೆ ಬಂದರು. ಅದೇ ವರ್ಷದ ಹಕ್ಕುಗಳ ಕಾನೂನು ಖಡಕ್ಕಾಗಿ ಹೇಳಿತು. ಕ್ಯಾಥೊಲಿಕ್ ಆದವರು, ಕ್ಯಾಥೊಲಿಕ್ಕರನ್ನು ಮದುವೆಯಾದವರು ಇನ್ನು ಈ ದೇಶವನ್ನು ಆಳುವಂತಿಲ್ಲ. ರಾಜನಾದವನು ಬಲಿಪೂಜೆಯನ್ನು ಮೂಢನಂಬಿಕೆ, ವಿಗ್ರಹಾರಾಧನೆ ಅಂತ ಜರೆಯುವ ಘೋಷಣೆಯನ್ನೂ ಮಾಡಬೇಕು. 1901ರಲ್ಲಿ ಏಳನೇ ಎಡ್ವರ್ಡ್ ಕೂಡ ಅದನ್ನು ಓದಿದ. ಆ ಬೈಗುಳ ತೆಗೆದದ್ದು 1910ರಲ್ಲಿ. ಈಗಿನ ಮಾತು, ನಾನು ನಿಷ್ಠಾವಂತ ಪ್ರೊಟೆಸ್ಟೆಂಟ್ ಅನ್ನುವುದು. ಮೂರನೇ ಚಾರ್ಲ್ಸ್ 2023ರ ಮೇ 6ರಂದು ಪಟ್ಟಾಭಿಷೇಕದ ಹೊತ್ತಿನಲ್ಲಿ ಅದನ್ನೇ ಹೇಳಿದ್ದು.

ಇದನ್ನು ಬರೀ ಧರ್ಮಯುದ್ಧ ಅಂತ ನೋಡಿದರೆ ಒಂದು ಸಂಗತಿ ಅರ್ಥವಾಗುವುದಿಲ್ಲ. ವಿಲಿಯಮ್ ಫ್ರಾನ್ಸಿನ ವಿರುದ್ಧ ಕಟ್ಟಿದ ಕೂಟದಲ್ಲಿ ಕ್ಯಾಥೊಲಿಕ್ ಸ್ಪೇನ್ ಇತ್ತು, ಜರ್ಮನಿ, ಆಸ್ಟ್ರಿಯಾ ಕಡೆಯ ಕ್ಯಾಥೊಲಿಕ್ ಚಕ್ರವರ್ತಿಯೂ ಇದ್ದ. ಇಂಗ್ಲಿಷರಿಗೆ ಹೆದರಿಕೆ ಇದ್ದದ್ದು ನೆರೆಮನೆಯ ಕ್ಯಾಥೊಲಿಕ್ಕನದ್ದಲ್ಲ, ಪಾರ್ಲಿಮೆಂಟನ್ನು ಲೆಕ್ಕಕ್ಕೇ ಇಡದ ರಾಜನದ್ದು. ಲೂಯಿಯನ್ನು, ಜೇಮ್ಸ್‌ನನ್ನು ನೋಡಿ ಕ್ಯಾಥೊಲಿಕ್ ಅಂದರೆ ಅಂಥ ರಾಜ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಮತ್ತೆ ಮಕ್ಕಳ ಸಮಸ್ಯೆ ಬಂತು. ವಿಲಿಯಮ್, ಮೇರಿಗೆ ಮಕ್ಕಳಿಲ್ಲ. ಆನ್ ಹದಿನೇಳು ಸಲ ಬಸುರಾದರೂ ಉಳಿದವನು ಒಬ್ಬನೇ ಮಗ. ಅವನೂ 1700ರಲ್ಲಿ ಹನ್ನೊಂದು ವರ್ಷಕ್ಕೆ ತೀರಿಕೊಂಡ. ಮರುವರ್ಷ ಪಾರ್ಲಿಮೆಂಟು ವಂಶವೃಕ್ಷ ಹರವಿಕೊಂಡು ಕೂತಿತು. ರಕ್ತಸಂಬಂಧದಲ್ಲಿ ಹತ್ತಿರವಿದ್ದ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕ್ಕರನ್ನು ದಾಟಿ, ಜರ್ಮನಿಯ ಹ್ಯಾನೋವರಿನಲ್ಲಿದ್ದ ಒಂದನೇ ಜೇಮ್ಸ್‌ನ ಮೊಮ್ಮಗಳು ಸೋಫಿಯಾಳ ಹೆಸರಿಗೆ ಬಂದು ನಿಂತಿತು. ಆಕೆ ತೀರಿಹೋದದ್ದರಿಂದ 1714ರಲ್ಲಿ ಬಂದವನು ಅವಳ ಮಗ ಒಂದನೇ ಜಾರ್ಜ್. ವಯಸ್ಸು 54, ಇಂಗ್ಲಿಷ್ ಅಷ್ಟಕ್ಕಷ್ಟೇ. ಅವನ ಅರ್ಹತೆ ಒಂದೇ, ಪ್ರೊಟೆಸ್ಟೆಂಟ್. ಈಗಿನ ರಾಜನ ಹಕ್ಕು ನಿಂತಿರುವುದೂ 1701ರ ಆ ಕಾನೂನಿನ ಮೇಲೆ. ಪಾರ್ಲಿಮೆಂಟು ನೇಮಕ ಮಾಡಿದ ವಂಶ ಅದು.

ಓಡಿಹೋದ ಎರಡನೇ ಜೇಮ್ಸ್‌ನ ಮಗ, ಮೊಮ್ಮಗ 1715ರಲ್ಲಿ, 1745ರಲ್ಲಿ ಸೈನ್ಯ ಕಟ್ಟಿ ಬಂದರು. 1746ರ ಏಪ್ರಿಲ್ 16ರಂದು ಸ್ಕಾಟ್ಲೆಂಡಿನ ಕಲ್ಲೋಡನ್ ಬಯಲಿನಲ್ಲಿ ಒಂದೇ ಗಂಟೆಯೊಳಗೆ ಆ ಆಸೆ ಮುಗಿಯಿತು. ವಂಶದ ಕೊನೆಯವನಾದ ಹೆನ್ರಿ ರೋಮಿನಲ್ಲಿ ಕಾರ್ಡಿನಲ್ ಆಗಿದ್ದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಅವನು ಬರಿಗೈಯಾದಾಗ ಪಿಂಚಣಿ ಕೊಟ್ಟು ಸಾಕಿದ್ದು ಹ್ಯಾನೋವರ್ ವಂಶದ ಮೂರನೇ ಜಾರ್ಜ್.

ಜಗಳದ ಬಿಲ್ ಜಾಸ್ತಿ ಕಟ್ಟಿದ್ದು ಮಾತ್ರ ಐರ್ಲೆಂಡ್. ಜೇಮ್ಸ್ ಪಟ್ಟ ವಾಪಸ್ ಪಡೆಯಲು ಅಲ್ಲಿಗೆ ಹೋಗಿ, 1690ರ ಜುಲೈನಲ್ಲಿ ಬೋಯ್ನ್ ನದಿಯ ದಡದಲ್ಲಿ ವಿಲಿಯಮ್‌ಗೆ ಸೋತ. ಆಮೇಲೆ ಅಲ್ಲಿನ ಕ್ಯಾಥೊಲಿಕ್ಕರು ಜಮೀನು ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ, ಶಾಲೆ ನಡೆಸುವಂತಿಲ್ಲ ಅಂತ ಒಂದರ ಮೇಲೊಂದು ಕಾನೂನು ಬಂತು. ಜನಸಂಖ್ಯೆಯಲ್ಲಿ ಅವರೇ ಜಾಸ್ತಿ, ಆದರೆ 1703ರ ಹೊತ್ತಿಗೆ ಅವರ ಕೈಲಿದ್ದ ಜಮೀನು ಸುಮಾರು ಶೇ. 14. ಕ್ಯಾಥೊಲಿಕ್ಕರನ್ನು ಪಾರ್ಲಿಮೆಂಟಿಗೆ ಬಿಡೋಣ ಅಂತ ಪ್ರಧಾನಿ ಪಿಟ್ 1801ರಲ್ಲಿ ಹೇಳಿದಾಗ, ಪಟ್ಟಾಭಿಷೇಕದ ಆಣೆ ಮುರಿದಂತಾಗುತ್ತದೆ ಅಂತ ಮೂರನೇ ಜಾರ್ಜ್ ಹಟ ಹಿಡಿದ. ಪಿಟ್ ರಾಜೀನಾಮೆ ಕೊಟ್ಟ. 1828ರಲ್ಲಿ ಡೇನಿಯಲ್ ಓಕಾನೆಲ್ ಅನ್ನುವ ಕ್ಯಾಥೊಲಿಕ್ ವಕೀಲ ಕ್ಲೇರ್ ಕ್ಷೇತ್ರದಲ್ಲಿ ಗೆದ್ದೇಬಿಟ್ಟ, ಆದರೆ ಆಣೆಯ ಕಾನೂನಿನಿಂದಾಗಿ ಸಭೆಯಲ್ಲಿ ಕೂರುವಂತಿಲ್ಲ. ಬಿಟ್ಟರೆ ದಂಗೆಯಾಗುತ್ತದೆ ಅಂತ ಹೆದರಿದ ವೆಲ್ಲಿಂಗ್ಟನ್, ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಹೋರಾಡಿದ ಅದೇ ವೆಲ್ಲೆಸ್ಲಿ, ಪ್ರಧಾನಿಯಾಗಿ 1829ರಲ್ಲಿ ಬಾಗಿಲು ತೆಗೆದ. ಕ್ಯಾಥೊಲಿಕ್ಕರಿಗೆ ಪಾರ್ಲಿಮೆಂಟು ಸಿಕ್ಕಿತು.

ಉತ್ತರ ಐರ್ಲೆಂಡಿನಲ್ಲಿ ಪ್ರತಿ ಜುಲೈ 12ರಂದು ಆರೆಂಜ್ ಅನ್ನುವ ಪ್ರೊಟೆಸ್ಟೆಂಟ್ ಸಂಘದವರು ಕಿತ್ತಳೆ ಪಟ್ಟಿ ಹಾಕಿಕೊಂಡು, ಡೋಲು ಬಾರಿಸುತ್ತಾ ವಿಲಿಯಮ್‌ನ ಆ ಗೆಲುವಿನ ಮೆರವಣಿಗೆ ಮಾಡುತ್ತಾರೆ. ಅವತ್ತು ಅಲ್ಲಿ ಸರ್ಕಾರಿ ರಜೆ. ಯಾವ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಎಲ್ಲಿ ಡೋಲು ನಿಲ್ಲಿಸಬೇಕು ಅಂತ ತೀರ್ಮಾನಿಸಲು 1998ರಿಂದ ಅಲ್ಲೊಂದು ಆಯೋಗವೇ ಇದೆ.